ನೀಲಗಿರಿ ಕಡಿದವರು ಮಣ್ಣಿನ ಲೆಕ್ಕ ಕೊಡಬೇಕು



ಹುಕ್ಕೇರಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪನ ಕಾಲದ ಎರಡೂವರೆ ಎಕರೆ ಮಡ್ಡಿ ಹೊಲವಿದೆ. ಅಪ್ಪ ಅದರಲ್ಲಿ ಸಜ್ಜೆ, ಹುರುಳಿ, ಶೇಂಗಾ ಬೆಳೆಯುತ್ತಿದ್ದರು. ನೌಕರಿಗೆಂದು ಊರು ಬಿಟ್ಟ ನಾನು 2003ರಲ್ಲಿ ಅಲ್ಲಿ ನೀಲಗಿರಿ ಹಚ್ಚಿಸಿದೆ. ನೀರು ಹಾಯಿಸಬೇಕಿಲ್ಲ, ಆಳು ಹುಡುಕಬೇಕಿಲ್ಲ, ದನ ಮೇಯುವುದಿಲ್ಲ ಎಂಬುದಷ್ಟೇ ಆಗಿನ ನನ್ನ ಲೆಕ್ಕ. 2010ರಲ್ಲಿ ಮೊದಲ ಕಟಾವು ಆಯಿತು, 2017ರಲ್ಲಿ ಎರಡನೆಯದು. 2024ರ ಬೇಸಿಗೆಯಲ್ಲಿ ಮೂರನೆಯ ಕಟಾವಿಗೆ ನಾನೇ ಹೋಗಿ ನಿಂತೆ. ಮೊದಲ ಸಲ ಮೂರು ಲಾರಿ ತುಂಬಿಸಿದ್ದ ಹೊಲ ಈ ಸಲ ಒಂದನ್ನೂ ತುಂಬಿಸಲಿಲ್ಲ.

ಮೂಡಲಗಿ ಕಡೆಯ ನಮ್ಮ ಕಾಕಾ ಜೊತೆಗಿದ್ದರು. ಬೊಡ್ಡೆಯ ಬುಡದ ಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡು ನೋಡಿ ಅವರು ಕೇಳಿದರು: “ತಮ್ಮಾ, ಕಟ್ಟಗಿ ಮಾರಿದಿ. ತೊಗಟಿ ಇಟ್ಟಂಗಿ ಭಟ್ಟಿಗೆ ಕೊಟ್ಟಿ. ಸೊಪ್ಪು ಸುಟ್ಟಿ. ಇಪ್ಪತ್ತು ವರ್ಷದಾಗ ಈ ಹೊಲಕ್ಕ ನೀ ಏನ್ ಕೊಟ್ಟಿ?”

ನನ್ನ ಬಳಿ ಉತ್ತರವಿರಲಿಲ್ಲ. ಈ ಸಂಪಾದಕೀಯ ಆ ಪ್ರಶ್ನೆಗೆ ಬರೆದ ತಡವಾದ ಉತ್ತರ.

ನೀಲಗಿರಿ ಎಂದೊಡನೆ ನಾವು ನೀರಿನ ಮಾತನ್ನೇ ಆಡುತ್ತೇವೆ. ಆ ಮಾತು ಸುಳ್ಳಲ್ಲ. ಹೊಸಕೋಟೆಯಲ್ಲಿ ನಡೆದ ಅಧ್ಯಯನದಲ್ಲಿ ಎಳೆಯ ನೀಲಗಿರಿ ತೋಪು ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿದ್ದು ಕಂಡುಬಂದಿತ್ತು; ಬೇರುಗಳು ಆಳಕ್ಕಿಳಿದು ಹಳೆಯ ತೇವವನ್ನೂ ಎಳೆದುಕೊಂಡಿದ್ದವು. ಆದರೆ ಮರ ನೀರಿನ ಜೊತೆ ಮಣ್ಣಿನ ಸತ್ವವನ್ನೂ ಕುಡಿಯುತ್ತದೆ. ಆ ಲೆಕ್ಕವನ್ನು ಇಟ್ಟವರು ಕಡಿಮೆ.

ಮರದ ದಿಮ್ಮಿಯ ಬಹುಪಾಲು ಗಾಳಿ ಮತ್ತು ನೀರಿನಿಂದ ಕಟ್ಟಿದ್ದು. ತೂಕ ಹೆಚ್ಚಿದ್ದರೂ ಅದರಲ್ಲಿ ಮಣ್ಣಿನ ಸತ್ವ ಅಷ್ಟು ದಟ್ಟವಾಗಿಲ್ಲ. ಸಾರಜನಕ ದಟ್ಟವಾಗಿರುವುದು ಎಲೆಯಲ್ಲಿ, ಸುಣ್ಣಾಂಶ ದಟ್ಟವಾಗಿರುವುದು ತೊಗಟೆಯಲ್ಲಿ. ಎಂದರೆ ನಾವು ಕಸವೆಂದು ಸುಡುವುದೇ ಹೊಲದ ಗೊಬ್ಬರ. ಬೆಂಕಿ ಇಟ್ಟಾಗ ಸಾರಜನಕ ಹೊಗೆಯಾಗಿ ಹೋಗುತ್ತದೆ. ಬೂದಿಯಲ್ಲಿ ಉಳಿದ ಪೊಟ್ಯಾಶ್ ಮತ್ತು ಸುಣ್ಣಾಂಶ ಇಳಿಜಾರಿನ ಮಡ್ಡಿಯಲ್ಲಿ ಮೊದಲ ಮಳೆಗೇ ಹಳ್ಳ ಸೇರುತ್ತದೆ. ಆರೇಳು ವರ್ಷಕ್ಕೊಮ್ಮೆ ಹೀಗೆ ಮಾಡುತ್ತ ಹೋದರೆ ಬೊಡ್ಡೆ ಚಿಗುರುತ್ತದೆ, ಆದರೆ ದಪ್ಪವಾಗುವುದಿಲ್ಲ. ಆಫ್ರಿಕಾದ ಕಾಂಗೋ ದೇಶದ ಮರಳುಮಣ್ಣಿನ ನೀಲಗಿರಿ ತೋಟಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ: ಸೊಪ್ಪುಸದೆಯನ್ನೆಲ್ಲ ಹೊರಗೆ ಸಾಗಿಸಿದ ತಾಕಿನಲ್ಲಿ ಮುಂದಿನ ಬೆಳೆ ಕುಗ್ಗಿತು, ನೆಲದಲ್ಲೇ ಬಿಟ್ಟ ತಾಕಿನಲ್ಲಿ ಚೆನ್ನಾಗಿ ಬಂತು.

ಗೋಕಾಕ, ಮೂಡಲಗಿಯ ಕಬ್ಬಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಳೆ ಕಬ್ಬು ವರ್ಷದಿಂದ ವರ್ಷಕ್ಕೆ ಸಣ್ಣಗಾಗುವುದನ್ನು ಅವರು ಕಂಡಿದ್ದಾರೆ. ರವದಿ ಸುಟ್ಟ ಹೊಲಕ್ಕೂ ಸಾಲಿನಲ್ಲಿ ಕೊಳೆಯಲು ಬಿಟ್ಟ ಹೊಲಕ್ಕೂ ಇರುವ ವ್ಯತ್ಯಾಸವನ್ನು ಬಲ್ಲರು. ನೀಲಗಿರಿಯ ಬೊಡ್ಡೆ ಚಿಗುರೂ ಒಂದು ಕುಳೆಯೇ. ಕಬ್ಬಿಗೆ ಗೊಬ್ಬರ ಹಾಕುವ ನಾವು ನೀಲಗಿರಿಗೆ ಮಾತ್ರ ಏನೂ ಬೇಡವೆಂದು ಹೇಗೆ ನಂಬಿದೆವು?

ಮರ ಕಿತ್ತುಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅವರು ಕುಸನೂರನ್ನು ನೆನೆಯಬೇಕು. ಹರಿಹರದ ಕಾರ್ಖಾನೆಗೆ ಮರ ಒದಗಿಸಲು 1984ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿತು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ಅದಕ್ಕೆ ಕೊಡುವ ಯೋಜನೆಯಾಗಿತ್ತು. ಹಳ್ಳಿಯವರ ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ನೆಲವದು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿ ಕಿತ್ತರು, ಅದೇ ನೆಲದಲ್ಲಿ ಊರಿಗೆ ಬೇಕಾದ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಕೀಳುವುದು ಅರ್ಧ ಕೆಲಸ, ಹಚ್ಚುವುದು ಇನ್ನರ್ಧ ಎಂಬುದನ್ನು ಆ ಹೆಸರೇ ಹೇಳುತ್ತದೆ.

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸದಂತೆ ಆದೇಶ ಹೊರಡಿಸಿತು. ಆದರೆ ನೆಲದಲ್ಲಿರುವ ಬೊಡ್ಡೆಗಳು ಆದೇಶ ಓದುವುದಿಲ್ಲ, ಚಿಗುರುತ್ತಲೇ ಇರುತ್ತವೆ. ಹೀಗಾಗಿ ತೋಪು ಇರುವವರು ಎರಡರಲ್ಲಿ ಒಂದು ದಾರಿ ಹಿಡಿಯಬೇಕು.

ಇನ್ನೊಂದು ಕಟಾವಿನವರೆಗೆ ಉಳಿಸಿಕೊಳ್ಳುವವರು ತೊಗಟೆಯನ್ನು ಹೊಲದಲ್ಲೇ ಸುಲಿಯಲಿ. ಸೊಪ್ಪು, ಸಣ್ಣ ಟೊಂಗೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಸಾಲುಗಳ ನಡುವೆ ಹರಡಲಿ, ಬೆಂಕಿ ಇಡದಿರಲಿ. ಬೊಡ್ಡೆಗೆ ಒಂದೆರಡು ಗಟ್ಟಿ ಚಿಗುರನ್ನಷ್ಟೇ ಬಿಡಲಿ. ನೆರಳು ಕೂಡಿಕೊಳ್ಳುವ ಮೊದಲು, ಮಳೆಗಾಲದಲ್ಲಿ ಸಾಲುಗಳ ನಡುವೆ ಹುರುಳಿ ಅಥವಾ ಸೆಣಬು ಬಿತ್ತಲಿ. ಅವು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತವೆ. ಮಣ್ಣು ಪರೀಕ್ಷೆ ಮಾಡಿಸಿ, ಕೊರತೆಯಿರುವುದನ್ನಷ್ಟೇ ಹಾಕಲಿ.

ಬೊಡ್ಡೆ ಕೀಳುವವರು ಮರುವರ್ಷವೇ ದೊಡ್ಡ ಫಸಲು ಬಯಸಬಾರದು. ಒಡ್ಡು ಸರಿಪಡಿಸಿ ಮಳೆನೀರು ನಿಲ್ಲಿಸಬೇಕು. ಮೊದಲು ಸೆಣಬು ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು, ತಿಪ್ಪೆಗೊಬ್ಬರ ಕೊಡಬೇಕು, ಆಮೇಲೆ ತೊಗರಿ, ಹುರುಳಿ. ಬದುವಿನಲ್ಲಿ ಹುಣಸೆ, ಬೇವು, ಹೊಂಗೆ ಹಚ್ಚಬಹುದು. ಕೇಳುವುದಕ್ಕೆ ದೂರ ಹೋಗಬೇಕಿಲ್ಲ. ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ.

ಪೂಜ್ಯರಲ್ಲೂ ನನ್ನದೊಂದು ವಿನಂತಿ. ನನ್ನಂಥ ಭಕ್ತರ ಹೊಲಗಳಂತೆಯೇ ನೋಡಿಕೊಳ್ಳುವವರಿಲ್ಲದೆ ನೀಲಗಿರಿಗೆ ಬಿಟ್ಟ ಮಠದ ಜಮೀನುಗಳೂ ಇರಬಹುದು. ಅಲ್ಲಿಂದಲೇ ಈ ಕೆಲಸ ಮೊದಲಾಗಲಿ. ಕಟಾವಿನ ಹರಾಜು ಕರೆಯುವಾಗ ‘ಸೊಪ್ಪು, ತೊಗಟೆ ಹೊಲಕ್ಕೇ ಸೇರಿದ್ದು, ಬೆಂಕಿ ಇಡುವಂತಿಲ್ಲ’ ಎಂಬ ಒಂದು ಷರತ್ತು ಬರೆಸಿದರೆ ಸಾಕು, ಸುತ್ತಲ ಹತ್ತು ಹಳ್ಳಿಗೆ ಪಾಠವಾಗುತ್ತದೆ. ಶ್ರಾವಣದ ಪ್ರವಚನಗಳಲ್ಲಿ ಒಂದು ದಿನವನ್ನು ಮಣ್ಣಿಗಾಗಿ ಇಟ್ಟರೆ ಇನ್ನೂ ಒಳ್ಳೆಯದು.

ಕಾಯಕದಿಂದ ಬಂದದ್ದರಲ್ಲಿ ದಾಸೋಹದ ಪಾಲಿದೆ ಎಂದು ನಾವು ನಂಬಿದವರು. ಇಪ್ಪತ್ತು ವರ್ಷ ದುಡಿದ ನೆಲಕ್ಕೆ ಆ ಪಾಲನ್ನು ನಾನು ಕೊಡಲಿಲ್ಲ. ಈ ಸಲ ಸೊಪ್ಪು, ತೊಗಟೆ ಎಲ್ಲವನ್ನೂ ಹೊಲದಲ್ಲೇ ಬಿಟ್ಟು ಬಂದಿದ್ದೇನೆ. ಬೊಡ್ಡೆ ಕೀಳಿಸಲು ಮಾತಾಡಿದ್ದೇನೆ. ಸೆಣಬಿನ ಬೀಜವನ್ನು ಕಾಕಾ ಕೊಡುತ್ತೇನೆ ಎಂದಿದ್ದಾರೆ. ಮಣ್ಣು ಎಂದಿನಂತಾಗಲು ಎಷ್ಟು ವರ್ಷವಾದರೂ ಆಗಲಿ, ತೆಗೆದುಕೊಂಡವನು ನಾನೇ, ತೀರಿಸಬೇಕಾದವನೂ ನಾನೇ.