ರಾತ್ರಿ ಮೇವು ತಿನ್ನುವ ಕಾರು

2001ರಲ್ಲಿ ಬೆಂಗಳೂರಿನ ರಸ್ತೆಗಳಿಗೆ ರೇವಾ ಎಂಬ ಪುಟಾಣಿ ಕಾರು ಇಳಿಯಿತು. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ತಯಾರಾದ ಈ ಕಾರಿಗೆ ಪೆಟ್ರೋಲ್ ಟ್ಯಾಂಕ್ ಇರಲಿಲ್ಲ, ಸೈಲೆನ್ಸರ್ ಇರಲಿಲ್ಲ, ಕ್ಲಚ್ ಕೂಡ ಇರಲಿಲ್ಲ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರುವಷ್ಟು ಜಾಗ. ಮುಂದಿನ ಸೀಟುಗಳ ಕೆಳಗೆ ಸೀಸ-ಆಮ್ಲದ ಎಂಟು ಬ್ಯಾಟರಿಗಳು.

ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಇಲ್ಲಿ ಒಂದು ಒಳ್ಳೆಯ ಲೆಕ್ಕ ಸಿಗುತ್ತದೆ. ಒಂದೊಂದು ಬ್ಯಾಟರಿ 6 ವೋಲ್ಟಿನದು. ಎಂಟನ್ನು ಸರಣಿಯಲ್ಲಿ ಜೋಡಿಸಿದರೆ 48 ವೋಲ್ಟ್. ಧಾರಣೆ 200 ಆಂಪಿಯರ್-ಗಂಟೆ. ಗುಣಿಸಿದರೆ 9,600 ವ್ಯಾಟ್-ಗಂಟೆ, ಅಂದರೆ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 9.6 ಯೂನಿಟ್. ಇನ್ನು ಒಂದು ಲೀಟರ್ ಪೆಟ್ರೋಲನ್ನು ಪೂರ್ತಿ ಉರಿಸಿದರೆ ಬರುವ ಶಾಖ ಸುಮಾರು 34 ಮೆಗಾಜೂಲ್. ಒಂದು ಯೂನಿಟ್‌ಗೆ 3.6 ಮೆಗಾಜೂಲ್‌ನಂತೆ ಭಾಗಿಸಿದರೆ ಬರುವುದೂ ಹತ್ತಿರ ಹತ್ತಿರ ಒಂಬತ್ತೂವರೆ ಯೂನಿಟ್ಟೇ! ಕಾರಿನ ಅಷ್ಟೂ ಬ್ಯಾಟರಿಗಳ ಒಟ್ಟು ಶಕ್ತಿ ಒಂದು ನೀರಿನ ಬಾಟಲಿಯಷ್ಟು ಪೆಟ್ರೋಲಿಗೆ ಸಮ.

ಆದರೂ ಅಷ್ಟರಲ್ಲೇ ಅದು 80 ಕಿಲೋಮೀಟರ್ ಓಡುತ್ತದೆಂದು ತಯಾರಕರು ಹೇಳುತ್ತಿದ್ದರು. ಸಣ್ಣ ಪೆಟ್ರೋಲ್ ಕಾರು ಒಂದು ಲೀಟರಿನಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿದರೆ ಮಾಲೀಕ ಖುಷಿಪಡುತ್ತಾನೆ. ವ್ಯತ್ಯಾಸ ಎಲ್ಲಿದೆ? ಪೆಟ್ರೋಲ್ ಎಂಜಿನ್ ತನಗೆ ದೊರೆತ ಶಕ್ತಿಯ ಮುಕ್ಕಾಲು ಪಾಲನ್ನು ರೇಡಿಯೇಟರಿನಿಂದಲೂ ಹೊಗೆಯ ಜೊತೆಗೂ ಬಿಸಿಯಾಗಿ ಚೆಲ್ಲಿಬಿಡುತ್ತದೆ. ವಿದ್ಯುತ್ ಮೋಟಾರು ಹೆಚ್ಚು ಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ.

ರೇವಾ ಜೊತೆಗಿನ ಸಂಸಾರಕ್ಕೆ ಅದರದೇ ಕಟ್ಟಲೆಗಳಿದ್ದವು. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಕೆಲವು ವರ್ಷಗಳ ಮೇಲೆ ಇಡೀ ಸೆಟ್ಟನ್ನೇ ಬದಲಿಸಬೇಕು. ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿ ಬರಲು ಚಿಂತೆಯಿಲ್ಲ, ಮೈಸೂರಿನ ಮಾತು ಎತ್ತುವಂತಿಲ್ಲ. 2004ರಿಂದ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಅದು ಮಾರಾಟವಾಯಿತು. ಅಲ್ಲಿನ ನಗರಮಧ್ಯದ ವಾಹನ ಶುಲ್ಕದಿಂದ ಸಿಕ್ಕ ವಿನಾಯಿತಿಯೂ ಕೊಳ್ಳುವವರನ್ನು ಸೆಳೆಯಿತು. 2010ರಲ್ಲಿ ಕಂಪನಿ ಮಹೀಂದ್ರದ ಕೈಸೇರಿತು.

ಸೀಸದ ಜಾಗಕ್ಕೆ ಲಿಥಿಯಂ ಬಂದ ಮೇಲೆ ಕಥೆ ಬದಲಾಯಿತು. ಅಷ್ಟೇ ತೂಕದಲ್ಲಿ ನಾಲ್ಕೈದು ಪಟ್ಟು ಶಕ್ತಿ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಯೂನಿಟ್ಟಿನದು. ಮೂರು ಲೀಟರ್ ಪೆಟ್ರೋಲಿಗಿಂತ ತುಸು ಹೆಚ್ಚು, ಅಷ್ಟೇ. ಪ್ರಮಾಣಪತ್ರದಲ್ಲಿ 312 ಕಿಲೋಮೀಟರ್ ಎಂದಿತ್ತು. ಪ್ರಮಾಣಪತ್ರದ ಅಂಕಿಯೂ ರಸ್ತೆಯ ಅಂಕಿಯೂ ಬೇರೆ ಬೇರೆ ಎಂಬುದು ಪೆಟ್ರೋಲ್ ಕಾರಿನವರಿಗೂ ಗೊತ್ತಿರುವ ಮಾತೇ.

ಪೆಟ್ರೋಲ್ ಕಾರು ಹಸಿದಾಗ ಹೊರಗೆ ಹೋಗಿ ಮೇಯುತ್ತದೆ. ವಿದ್ಯುತ್ ಕಾರು ಹಸುವಿನಂತೆ ರಾತ್ರಿ ಕೊಟ್ಟಿಗೆಯಲ್ಲೇ ನಿಧಾನವಾಗಿ ಮೇವು ತಿನ್ನುತ್ತದೆ. ಬಂಕಿನಲ್ಲಿ ಒಂದು ನಿಮಿಷಕ್ಕೆ ಮೂವತ್ತು ಲೀಟರ್ ತುಂಬಿದರೆ ಸುಮಾರು 280 ಯೂನಿಟ್ ಒಳಗೆ ಹೋದಂತೆ. ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಮೂರು ಯೂನಿಟ್ಟಿನಂತೆ ಅಷ್ಟು ತುಂಬಬೇಕಾದರೆ ನಾಲ್ಕು ಹಗಲು, ನಾಲ್ಕು ರಾತ್ರಿ ಬೇಕು. ಕೇಳಿದರೆ ಗಾಬರಿಯಾಗುತ್ತದೆ. ಆದರೆ ದಿನಕ್ಕೆ ನಲವತ್ತು ಕಿಲೋಮೀಟರ್ ಓಡಾಡುವವರಿಗೆ ಬೇಕಾಗುವುದು ಆರೇಳು ಯೂನಿಟ್. ಅಷ್ಟು ತುಂಬಲು ಎರಡು, ಎರಡೂವರೆ ಗಂಟೆ ಸಾಕು. ಉಳಿದ ರಾತ್ರಿ ಕಾರಿಗೂ ನಿದ್ದೆಯೇ.

ಘಟ್ಟದ ಊರಿನವರಿಗೆ ಇನ್ನೊಂದು ತಮಾಷೆ ಉಂಟು. ಒಂದೂವರೆ ಟನ್ನಿನ ಕಾರು ಸೋಮೇಶ್ವರದಿಂದ ಆಗುಂಬೆಗೆ ಸುಮಾರು 500 ಮೀಟರ್ ಏರಿದರೆ, ಏರಿಕೆಗೆಂದೇ ಎರಡು ಯೂನಿಟ್ ಖರ್ಚು. ಇಳಿಯುವಾಗ ಮೋಟಾರೇ ಡೈನಮೋ ಆಗಿ ಅದರಲ್ಲಿ ದೊಡ್ಡ ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಆದರೆ ಆಗುಂಬೆಯಲ್ಲೇ ರಾತ್ರಿಯಿಡೀ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಯಹೊರಟರೆ? ತುಂಬಿದ ಕೊಡಕ್ಕೆ ನೀರು ಹುಯ್ದಂತೆ. ಮರಳಿ ಬರುವ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ.

ಹೊಗೆ ಇಲ್ಲವೆಂಬ ಮಾತು ಅರ್ಧ ಸತ್ಯ. ರಾಯಚೂರಿನ ಕಲ್ಲಿದ್ದಲು ಉರಿದು ಬಂದ ವಿದ್ಯುತ್ತಾದರೆ ಹೊಗೆ ರಾಯಚೂರಿನಲ್ಲಿ, ಶರಾವತಿಯದಾದರೆ ಇಲ್ಲ. ಪಾವಗಡದ ಬಿಸಿಲು ಹಗಲು ಹೊತ್ತಿನದು. ಕಾರು ಪ್ಲಗ್ಗಿಗೆ ಬರುವುದು ಸೂರ್ಯ ಮುಳುಗಿದ ಮೇಲೆ.

ತಂದೆ-ತಾಯಿಯರು ಷೋರೂಮಿನಲ್ಲಿ ಬಣ್ಣ ಆರಿಸುವ ಮೊದಲು ನೋಡಬೇಕಾದದ್ದು ಮನೆಯ ಗೋಡೆಯಲ್ಲಿರುವ ಸಾಕೆಟ್ಟನ್ನು. ಗೀಸರ್ ಕಾಲು ಗಂಟೆ ಉರಿದು ಆರುತ್ತದೆ. ಬ್ಯಾಟರಿ ತೀರ ಖಾಲಿಯಾದ ದಿನ ಕಾರು ಎಂಟು ಗಂಟೆ ಬಿಡದೆ ವಿದ್ಯುತ್ ಎಳೆಯುತ್ತದೆ. ಪ್ಲಗ್ಗಿನ ಪಿನ್ನು ಸಡಿಲವಾಗಿ ಆ ಜಾಗದಲ್ಲಿ 0.1 ಓಮ್ ರೋಧ ಹುಟ್ಟಿತೆನ್ನಿ. 15 ಆಂಪಿಯರಿನ ವರ್ಗವನ್ನು 0.1ರಿಂದ ಗುಣಿಸಿದರೆ 22.5 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸಲು ಹಿಡಿಯುವ ಸೋಲ್ಡರಿಂಗ್ ಐರನ್ನಿನಷ್ಟು ಬಿಸಿ, ಮನೆಮಂದಿ ಮಲಗಿರುವಾಗ ಪ್ಲಾಸ್ಟಿಕ್ ಸಾಕೆಟ್ಟಿನ ಒಳಗೆ! ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರಿನಲ್ಲೂ ಬಿಸಿ ಹೊರಹೋಗಲಾಗದೆ ಕೂಡಿಕೊಳ್ಳುತ್ತದೆ. ಆದ್ದರಿಂದ ಕಾರಿಗೆಂದೇ ಪ್ರತ್ಯೇಕ ದಪ್ಪ ತಂತಿ, ಪ್ರತ್ಯೇಕ ಎಂ.ಸಿ.ಬಿ. ಎಳೆಸುವುದು ಶೋಕಿಯಲ್ಲ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಚಾರ್ಜರುಗಳು ಕೆಂಪು ದೀಪ ತೋರಿಸಿ ಮುಷ್ಕರ ಹೂಡುತ್ತವೆ. ಏಪ್ರಿಲ್ ತಿಂಗಳಲ್ಲಿ ಹೀಗಾದರೆ ಚಾರ್ಜರನ್ನು ಬೈಯುವ ಮೊದಲು ಹಿತ್ತಲಿನ ಒಣಗಿದ ಅರ್ಥಿಂಗ್ ಗುಂಡಿಗೆ ಎರಡು ಬಿಂದಿಗೆ ನೀರು ಹುಯ್ದು ನೋಡುವುದು ಒಳ್ಳೆಯದು.

ಇದೆಲ್ಲ ಕೊಟ್ಟಿಗೆ ಉಳ್ಳವರ ಮಾತಾಯಿತು. ಮನೆಯ ವಿದ್ಯುತ್ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತು. ಆದರೆ ಬಾಡಿಗೆ ಮನೆಯ ಎರಡನೆಯ ಮಹಡಿಯಲ್ಲಿದ್ದು, ಕಾರನ್ನು ಬೀದಿಯ ಹೊಂಗೆಮರದ ಕೆಳಗೆ ನಿಲ್ಲಿಸುವವರು ತಂತಿಯನ್ನು ಎಲ್ಲಿಂದ ಇಳಿಬಿಡಬೇಕು? ಮಳೆಗಾಲದಲ್ಲಿ, ಮಕ್ಕಳು ಓಡಾಡುವ ಫುಟ್‌ಪಾತಿನ ಮೇಲೆ ಹಾಗೆ ಮಾಡಲೇಕೂಡದು. ಅಂಥವರು ವಾರಕ್ಕೆರಡು ಸಲ ಸಾರ್ವಜನಿಕ ಚಾರ್ಜರಿನ ಮುಂದೆ ಸರದಿ ಕಾಯಬೇಕಾಗುತ್ತದೆ, ಹೆಚ್ಚಿನ ದರವನ್ನೂ ತೆರಬೇಕಾಗುತ್ತದೆ. ಇಲ್ಲವೆ ಕಚೇರಿಯ ಅಂಗಳದಲ್ಲಿ ಒಂದು ಸಾಕೆಟ್ ಹಾಕಿಸಿಕೊಡಿ ಎಂದು ಅರ್ಜಿ ಹಾಕಬೇಕು. ಅದು ಮಂಜೂರಾದರೆ ಪಾವಗಡದ ಬಿಸಿಲೂ ಸರಿಯಾದ ಹೊತ್ತಿಗೇ ಸಿಕ್ಕೀತು.