ಕುರಿಯ ಹೊಟ್ಟೆಯಲ್ಲೊಂದು ಲೆಕ್ಕ

ಒಂದು ಜೀವಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟು. ಇದು ಹೈಸ್ಕೂಲಿನ ಪಾಠ. ಈ ಸುಲಭದ ಲೆಕ್ಕ ಒಂದು ಜೀವಿಯ ಕುಲವನ್ನೇ ಬದಲಿಸಿತೆಂದರೆ ನಂಬುವಿರಾ?

ಮೆಲುಕು ಹಾಕುವ ದನ, ಎಮ್ಮೆ, ಕುರಿಗಳ ಹೊಟ್ಟೆಯ ದೊಡ್ಡ ಕೋಣೆಗೆ ರೂಮೆನ್ ಎಂದು ಹೆಸರು. ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಚಾವಟಿಯಂಥ ಕಶಾಂಗಗಳನ್ನು ಬೀಸುತ್ತ ಅಲ್ಲಿ ಈಜುವ ಸೂಕ್ಷ್ಮಜೀವಿಯೊಂದನ್ನು ವಿಜ್ಞಾನಿಗಳು ಪ್ರೋಟೊಜೋವ ಗುಂಪಿಗೆ ಸೇರಿಸಿದ್ದರು. ಬೂಷ್ಟು, ಅಣಬೆಗಳ ಕುಲವಾದ ಶಿಲೀಂಧ್ರಕ್ಕೆ ಗಾಳಿ ಬೇಕೇ ಬೇಕು ಎಂಬುದು ಆಗಿನ ಸಾಮಾನ್ಯ ನಂಬಿಕೆ.

ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ಕಾಲಿನ್ ಆರ್ಪಿನ್ ಎಂಬ ವಿಜ್ಞಾನಿ, ಕುರಿ ಮೇವು ತಿಂದ ಮೇಲೆ ಈ ಜೀವಿಗಳನ್ನು ಎಣಿಸಿದರು. ಒಂದು ಗಂಟೆಯೊಳಗೆ ಅವು ಹಲವು ಪಟ್ಟು ಹೆಚ್ಚಿದವು, ಆಮೇಲೆ ಕಡಿಮೆಯಾದವು. ಒಂದು ಎರಡಾಗುವ ಕ್ರಮದಲ್ಲಿ ಅಷ್ಟು ಬೇಗ ಅಷ್ಟೊಂದು ಹೆಚ್ಚಲು ಸಾಧ್ಯವಿಲ್ಲ. ಹಾಗಾದರೆ ಬಂದದ್ದೆಲ್ಲಿಂದ? ಹೋದದ್ದೆಲ್ಲಿಗೆ?

1975ರಲ್ಲಿ ಅವರು ಉತ್ತರ ಪ್ರಕಟಿಸಿದರು. ಈಜುತ್ತಿದ್ದವು ಶಿಲೀಂಧ್ರದ ಬೀಜಾಣುಗಳು! ಬೀಜಾಣು ಹುಲ್ಲಿನ ಚೂರಿಗೆ ಅಂಟಿ ಮೊಳೆಯುತ್ತದೆ, ಬೇರಿನಂಥ ಎಳೆಗಳನ್ನು ನಾರಿನೊಳಕ್ಕೆ ಇಳಿಸುತ್ತದೆ. ಹೊರಗೆ ಒಂದು ಚೀಲ ಬೆಳೆಯುತ್ತದೆ. ಅದರೊಳಗೆ ಕೋಶಕೇಂದ್ರ ಮತ್ತೆ ಮತ್ತೆ ವಿಭಜನೆಗೊಂಡು ಹಲವಾಗುತ್ತದೆ; ಬಳಿಕ ಕೋಶದ್ರವ್ಯ ಪಾಲಾಗಿ ಒಂದೊಂದು ಕೇಂದ್ರಕ್ಕೂ ಒಂದೊಂದು ಪಾಲು ಸಿಗುತ್ತದೆ. ಹೊಸ ಮೇವಿನ ರಾಸಾಯನಿಕಗಳ ಸುಳಿವು ಸಿಕ್ಕಾಗ ಬೀಜಾಣುಗಳು ಒಮ್ಮೆಲೇ ಹೊರಬೀಳುತ್ತವೆ. ವಿಭಜನೆ ಚೀಲದ ಮರೆಯಲ್ಲಿ ನಡೆದಿತ್ತು. ಎಣಿಸಿದವರಿಗೆ ಕಂಡದ್ದು ಬಿಡುಗಡೆ ಮಾತ್ರ. ಆಮೇಲೆ ಅವು ಸತ್ತು ಕಡಿಮೆಯಾಗಲಿಲ್ಲ, ಹುಲ್ಲಿಗೆ ಅಂಟಿಕೊಂಡವು.

ಈ ಜೀವಿಯ ಹೆಸರು ನಿಯೋಕ್ಯಾಲಿಮಾಸ್ಟಿಕ್ಸ್. ಇದರ ಕೋಶಭಿತ್ತಿಯಲ್ಲಿ ಶಿಲೀಂಧ್ರಗಳ ಗುರುತಾದ ಕೈಟಿನ್ ಇರುವುದು 1977ರಲ್ಲಿ ತಿಳಿಯಿತು. 1985ರಲ್ಲಿ ಹೀತ್ ಮತ್ತು ಬೌಚಪ್ ಇದರ ಕೋಶಕೇಂದ್ರ ವಿಭಜನೆಯ ವಿವರಗಳನ್ನೇ ಹಿಡಿದು ಬಂಧುಬಳಗವನ್ನು ಪರಿಶೀಲಿಸಿದರು. ಈಜುವ ಬೀಜಾಣುಗಳಿರುವ ಕೈಟ್ರಿಡ್ ಎಂಬ ಶಿಲೀಂಧ್ರಗಳು ಇದರ ನೆಂಟರು. ಆದರೆ ಇದಕ್ಕೆ ಮೈಟೋಕಾಂಡ್ರಿಯ ಇಲ್ಲ. ಬದಲಿಗೆ ಜಲಜನಕ ಬಿಡುಗಡೆ ಮಾಡುವ ಹೈಡ್ರೋಜಿನೋಸೋಮ್‌ಗಳಿವೆ. 2007ರಲ್ಲಿ ಇದಕ್ಕೂ ಇದರ ಒಡಹುಟ್ಟುಗಳಿಗೂ ಪ್ರತ್ಯೇಕ ವಂಶವನ್ನೇ ಕೊಡಲಾಯಿತು.

ನಮ್ಮ ಕೊಟ್ಟಿಗೆಯ ಹಸು ಒಣಹುಲ್ಲನ್ನು ಅರಗಿಸಿ ಹಾಲು ಕೊಡುವುದರಲ್ಲಿ ಇಂಥ ಶಿಲೀಂಧ್ರಗಳ ಪಾಲೂ ಇದೆ. ಇವು ನಾರನ್ನು ಸೀಳಿ ಬ್ಯಾಕ್ಟೀರಿಯಗಳಿಗೆ ದಾರಿ ಮಾಡಿಕೊಡುತ್ತವೆ.

ತಂದೆತಾಯಿಯರೇ, ಮಕ್ಕಳು ಪುಸ್ತಕದ ವಾಕ್ಯವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಸಂತೋಷಪಡಿ. 'ಲೆಕ್ಕ ಹೊಂದುತ್ತಿಲ್ಲವಲ್ಲ' ಎಂದು ಕೇಳಿದರೆ ಇನ್ನೂ ಹೆಚ್ಚು ಸಂತೋಷಪಡಿ.