ಮೋಸಹೋದವರನ್ನು ಹಂಗಿಸುವುದನ್ನು ಮೊದಲು ಬಿಡೋಣ



ಕಳೆದ ತಿಂಗಳು ಊದ್ ಮೇಥಾದಲ್ಲಿ ನಡೆದ ನಮ್ಮ ಸಂಘದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಹಿರಿಯ ಸದಸ್ಯರೊಬ್ಬರ ರಕ್ತದೊತ್ತಡ 178/104 ಇತ್ತು. ಮಾತ್ರೆ ತಪ್ಪಿಸುವವರಲ್ಲ, ಉಪ್ಪಿನ ವಿಷಯದಲ್ಲಿ ಕಟ್ಟುನಿಟ್ಟಿನವರು. ಹತ್ತು ನಿಮಿಷ ಕೂರಿಸಿ ಮತ್ತೆ ಅಳೆದರೂ ಇಳಿಯಲಿಲ್ಲ. ನಿದ್ರೆ ಹೇಗಿದೆಯೆಂದು ಕೇಳಿದಾಗ ಅವರು ಸುತ್ತ ನೋಡಿ, ದನಿ ತಗ್ಗಿಸಿ ವಿಷಯ ತಿಳಿಸಿದರು. ಹನ್ನೊಂದು ದಿನಗಳ ಹಿಂದೆ 7,400 ದಿರ್ಹಂ ಕಳೆದುಕೊಂಡಿದ್ದರು. ಪತ್ನಿಗೂ ಹೇಳಿರಲಿಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಮಂಗಳೂರಿನಿಂದ ಬರುವಾಗ ಅವರದೊಂದು ಬ್ಯಾಗು ಬಂದಿರಲಿಲ್ಲ. ವಿಮಾನ ಸಂಸ್ಥೆಗೆ ಕರೆ ಮಾಡಿದರೆ ಯಂತ್ರದ ದನಿ 'ಒಂದು ಒತ್ತಿ, ಎರಡು ಒತ್ತಿ' ಎಂದು ನಲವತ್ತು ನಿಮಿಷ ಸುತ್ತಾಡಿಸಿತು. ಮಗ ಹೇಳಿಕೊಟ್ಟಂತೆ ಎಕ್ಸ್‌ನಲ್ಲಿ ದೂರು ಬರೆದರು. ಐದೇ ನಿಮಿಷದಲ್ಲಿ ಅದೇ ಸಂಸ್ಥೆಯ ಲಾಂಛನ ಹೊತ್ತ ಖಾತೆಯೊಂದು ಕ್ಷಮೆ ಕೋರಿ, ಖಾಸಗಿ ಸಂದೇಶದಲ್ಲಿ ಮೊಬೈಲ್ ಸಂಖ್ಯೆ ಕೇಳಿತು. ಆಮೇಲೆ ವಾಟ್ಸ್ಆ್ಯಪ್, ಪರಿಹಾರದ ಹಣ ಜಮಾ ಮಾಡಲೆಂದು ಕಾರ್ಡಿನ ವಿವರ, ಕೊನೆಗೆ ಓಟಿಪಿ. ಬ್ಯಾಗು ಮೂರನೆಯ ದಿನ ತಾನಾಗಿಯೇ ಮನೆಗೆ ಬಂತು.

ಪೊಲೀಸರಿಗೇಕೆ ತಿಳಿಸಲಿಲ್ಲವೆಂದು ಕೇಳಿದೆವು. 'ಗ್ರೂಪಿನಲ್ಲಿ ಎಲ್ಲರೂ ನಗುತ್ತಾರೆ ಡಾಕ್ಟ್ರೇ' ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಹಿಂದೊಮ್ಮೆ ಇನ್ನೊಬ್ಬ ಸದಸ್ಯರು ಇಂಥದೇ ನಷ್ಟವನ್ನು ಗ್ರೂಪಿನಲ್ಲಿ ಹಂಚಿಕೊಂಡಾಗ 'ಓದಿದವರೂ ಹೀಗೆ ಮಾಡಿದರೆ ಹೇಗೆ?' ಎಂಬ ಮಾತುಗಳ ಸಾಲಿಗೆ ನಾವೂ ಒಂದು ನಗುಮುಖ ಅಂಟಿಸಿದ್ದೆವು.

ಆದ್ದರಿಂದ ಈ ಬರಹ ವಂಚಕರ ವಿರುದ್ಧವಷ್ಟೇ ಅಲ್ಲ. 'ಎಚ್ಚರವಾಗಿದ್ದರೆ ಹೀಗಾಗುತ್ತಿರಲಿಲ್ಲ' ಎಂಬ ನಮ್ಮೆಲ್ಲರ ಮಾತಿನ ವಿರುದ್ಧವೂ ಹೌದು. ಆ ಮಾತು ಅರ್ಧ ಸುಳ್ಳು.

ನಾವು ವೈದ್ಯಕೀಯ ಕಲಿತ ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ದಲ್ಲಾಳಿಗಳು ಸುಳಿದಾಡುತ್ತಿದ್ದರು. ಬೆಳಗಿನಿಂದ ಸಾಲಿನಲ್ಲಿ ನಿಂತು ಸೋತ ಹಳ್ಳಿಯ ಕುಟುಂಬವನ್ನು ಗುರುತಿಸಿ, 'ಬನ್ನಿ ಅಮ್ಮಾ, ಡಾಕ್ಟ್ರು ನಮಗೆ ಗೊತ್ತು' ಎಂದು ಕೈಹಿಡಿದು ಕರೆದೊಯ್ಯುತ್ತಿದ್ದರು. ಆ ತಾಯಿಯನ್ನು ದಡ್ಡಿ ಎನ್ನಲು ನಮಗೆ ಬಾಯಿ ಬರುತ್ತಿರಲಿಲ್ಲ. ಸಾಲು ಅಷ್ಟು ಉದ್ದವಾಗಿದ್ದರಿಂದಲೇ ದಲ್ಲಾಳಿಗೆ ಕೆಲಸವಿತ್ತು. ಇಂದು ಗ್ರಾಹಕ ಸೇವೆಯ ಹೆಸರಿನಲ್ಲಿ ನಡೆಯುತ್ತಿರುವುದೂ ಇದೇ. ಸಂಸ್ಥೆಗಳು ಮನುಷ್ಯರ ದನಿಯನ್ನು ಯಂತ್ರಗಳ ಹಿಂದೆ ಬಚ್ಚಿಟ್ಟಿವೆ. ಮನುಷ್ಯನಂತೆ ಮೊದಲು ಮಾತನಾಡಿಸುವವನು ಕಳ್ಳನೇ ಆಗಿದ್ದಾನೆ.

'ಇನ್ನಾರೋ ಮಾಡುವ ವಂಚನೆಗೆ ಸಂಸ್ಥೆ ಹೇಗೆ ಹೊಣೆ?' ಎಂದು ಕೆಲವರು ಕೇಳುತ್ತಾರೆ. ಸಂಸ್ಥೆಯನ್ನು ಹೆಸರಿಸಿ ಬರೆದ ದೂರನ್ನು ಕಳ್ಳ ಐದು ನಿಮಿಷದಲ್ಲಿ ಹುಡುಕಬಲ್ಲನಾದರೆ, ಆ ಹೆಸರಿನ ಒಡೆಯರಿಗೆ ಅದೇಕೆ ಸಾಧ್ಯವಿಲ್ಲ?

ಇನ್ನು ಜಾಲತಾಣದ ಪಾಲು. ಟ್ವಿಟರ್‌ನ ನೀಲಿ ಗುರುತು ಒಂದು ಕಾಲಕ್ಕೆ ಪರಿಶೀಲನೆಯ ಮುದ್ರೆಯಾಗಿತ್ತು. 2022ರ ನವೆಂಬರ್‌ನಲ್ಲಿ ಅದನ್ನು ತಿಂಗಳಿಗೆ 8 ಡಾಲರಿಗೆ ಮಾರತೊಡಗಿದರು. ಕೆಲವೇ ದಿನಗಳಲ್ಲಿ ಯಾರೋ ಔಷಧ ತಯಾರಕ ಎಲಿ ಲಿಲ್ಲಿಯ ಹೆಸರಿನಲ್ಲಿ ನೀಲಿ ಗುರುತಿನ ಖಾತೆ ತೆರೆದು, ಇನ್ಸುಲಿನ್ ಇನ್ನು ಉಚಿತವೆಂದು ಸಾರಿದರು. ಕಂಪನಿಯೇ ಕ್ಷಮೆ ಕೋರಬೇಕಾಯಿತು. ಮಧುಮೇಹಿಗಳನ್ನು ದಿನವೂ ನೋಡುವ ನಮಗೆ ಅದು ತಮಾಷೆಯಾಗಿ ಕಾಣಲಿಲ್ಲ. ಬಳಿಕ ಸಂಸ್ಥೆಗಳಿಗೆ ಚಿನ್ನದ ಬಣ್ಣದ, ಸರ್ಕಾರಗಳಿಗೆ ಬೂದು ಬಣ್ಣದ ಗುರುತು ಬಂತು. ಚಿನ್ನದ ಗುರುತಿಗೆ 2023ರಲ್ಲಿ ಕೇಳಿದ ಶುಲ್ಕ ತಿಂಗಳಿಗೆ 1,000 ಡಾಲರ್. ತನ್ನ ಹೆಸರು ತನ್ನದೇ ಎಂದು ತೋರಿಸಲು ತೆರಬೇಕಾದ ಬಾಡಿಗೆಯಿದು! ಹಾಗಾಗಿ ಬಣ್ಣವನ್ನಷ್ಟೇ ನಂಬಿ ನಿರ್ಧರಿಸಲಾಗದು.

ರೋಗನಿರ್ಣಯದಲ್ಲಿ ಲಕ್ಷಣಕ್ಕಿಂತ ಪೂರ್ವೇತಿಹಾಸ ಮುಖ್ಯ. ಖಾತೆ ಎಂದು ಆರಂಭವಾಯಿತೆಂಬುದನ್ನು ನೋಡಿರಿ. ಹಳೆಯ ಸಂಸ್ಥೆಯ 'ಸಹಾಯ ವಿಭಾಗ' ಕಳೆದ ತಿಂಗಳು ಹುಟ್ಟಿದ್ದರೆ, ಬೆರಳೆಣಿಕೆಯ ಹಿಂಬಾಲಕರಿದ್ದರೆ, ಹೆಸರಿನಲ್ಲಿ ಒಂದು ಅಡಿಗೆರೆಯೋ ಅಂಕಿಯೋ ಹೆಚ್ಚಿದ್ದರೆ ಅಲ್ಲಿಗೇ ನಿಲ್ಲಿಸಿರಿ. ಅದರ ಹಳೆಯ ಬರಹಗಳನ್ನೂ ತೆರೆಯಿರಿ. ಎಲ್ಲವೂ ಅಪರಿಚಿತರ ದೂರುಗಳ ಕೆಳಗಿನ ಒಂದೇ ಬಗೆಯ ಕ್ಷಮಾಪಣೆಗಳಾಗಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಕಿಕೊಂಡು ಬಂದ ಸಹಾಯವನ್ನು ಒಪ್ಪದೆ, ಸಂಸ್ಥೆಯ ಜಾಲತಾಣವನ್ನೋ ಆ್ಯಪನ್ನೋ ನಾವೇ ತೆರೆದು ಅಲ್ಲಿರುವ ಖಾತೆಗೆ ಬರೆಯಬೇಕು. ಹಣ ಪಡೆಯಲು ಓಟಿಪಿ ಬೇಡ, ಯುಪಿಐ ಪಿನ್ ಬೇಡ, ನಮ್ಮ ಫೋನಿನ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್ ಅಂತೂ ಬೇಡವೇ ಬೇಡ. ಇಲ್ಲಿನ ಮೊಬೈಲ್ ಸಂಖ್ಯೆಯಿಂದಲೇ ಊರಿನ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಬಳಸಲು 2023ರಿಂದ ಅವಕಾಶವಿರುವುದರಿಂದ, ಅಪಾಯ ದಿರ್ಹಂ ಖಾತೆಗಷ್ಟೇ ಸೀಮಿತವಲ್ಲ.

ಇಂಥವರ ಸುಗ್ಗಿ ಬರುವುದು ನಮ್ಮ ಸಂಕಟದ ದಿನಗಳಲ್ಲಿ. 2024ರ ಏಪ್ರಿಲ್ 16ರ ಮಳೆಯಲ್ಲಿ ದುಬೈ ವಿಮಾನ ನಿಲ್ದಾಣ ಅಸ್ತವ್ಯಸ್ತವಾದದ್ದು, ಮರುತಿಂಗಳು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕಿ ವಿಮಾನಗಳು ರದ್ದಾದದ್ದು ನೆನಪಿದೆಯಲ್ಲವೇ? ಅಂಥ ಗಾಬರಿಯಲ್ಲಿ ಪಿಎನ್‌ಆರ್, ದೂರವಾಣಿ ಸಂಖ್ಯೆಗಳನ್ನು ಎಲ್ಲರಿಗೂ ಕಾಣುವಂತೆ ಬರೆದುಬಿಡುವುದು ಕಳ್ಳನಿಗೆ ವಿಳಾಸ ಕೊಟ್ಟಂತೆ.

ಹಣ ಹೋದಮೇಲೆ ಮೊದಲ ಗಂಟೆ ಹೃದಯಾಘಾತದ ಮೊದಲ ಗಂಟೆಯಷ್ಟೇ ಅಮೂಲ್ಯ. ಮೊದಲ ಕರೆ ಬ್ಯಾಂಕಿಗೆ, ಕಾರ್ಡು ತಡೆಯಲು. ಅನಂತರ ದುಬೈ ಪೊಲೀಸರ ಇ-ಕ್ರೈಮ್ ತಾಣ ಅಥವಾ 901. ಅಬುಧಾಬಿಯಲ್ಲಿ 8002626, ಅಂದರೆ ಅಮಾನ್ ಸೇವೆ. ಊರಿನ ಖಾತೆಯಾದರೆ ಭಾರತದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್. ಮನೆಯವರಿಂದ 1930ಕ್ಕೆ ಕರೆ ಮಾಡಿಸಲೂಬಹುದು. ಇತರರ ಹೆಸರಿನಲ್ಲಿ ನಕಲಿ ಖಾತೆ ತೆರೆಯುವುದೇ ಈ ದೇಶದ 2021ರ 34ನೇ ಒಕ್ಕೂಟ ಕಾನೂನಿನಡಿ ಅಪರಾಧ. ಆದರೆ ದೂರು ಕೊಡುವವರೇ ನಾಚಿ ಹನ್ನೊಂದು ದಿನ ಸುಮ್ಮನಿದ್ದರೆ ಕಾನೂನು ಯಾರ ಬೆನ್ನು ಹತ್ತಬೇಕು?

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ಬೇಡಿಕೆ ಒಂದೇ. ಮುಂದಿನ ಶಿಬಿರದಲ್ಲಿ ರಕ್ತದೊತ್ತಡದ ಮೇಜಿನ ಪಕ್ಕದಲ್ಲೇ ಇನ್ನೊಂದು ಮೇಜು ಇಡಬೇಕು; ಮೋಸಹೋದವರ ಜೊತೆ ಕುಳಿತು ಬ್ಯಾಂಕಿಗೆ ಕರೆ ಮಾಡಿಸಿ, ದೂರು ತುಂಬಿಸುವ ಇಬ್ಬರು ಸ್ವಯಂಸೇವಕರು ಅಲ್ಲಿರಬೇಕು. ಅವರಲ್ಲೊಬ್ಬರಾಗಲು ಆ ಹಿರಿಯ ಸದಸ್ಯರೇ ಮುಂದೆ ಬಂದಿದ್ದಾರೆ. ಹಣ ಇನ್ನೂ ಮರಳಿಲ್ಲ. ಪತ್ನಿಗೆ ಎಲ್ಲವನ್ನೂ ತಿಳಿಸಿದ ಮರುವಾರ ಅವರ ರಕ್ತದೊತ್ತಡ 146/90 ಇತ್ತು.